ಯಾವ ದೋಣಿ? ಹೊಳೆಯನ್ನೇ ಕೇಳಬೇಕು

ಬೆಂಗಳೂರಿನ ಸಾಫ್ಟ್‌ವೇರ್ ಕಂಪೆನಿಯೊಂದರಲ್ಲಿ ದುಡಿಯುವ ನಮ್ಮ ಸೋದರಳಿಯನಿಗೆ ಗಾಳ ಹಾಕುವ ಹವ್ಯಾಸ ಹತ್ತಿ ಕೆಲವು ವರ್ಷಗಳಾದವು. ಎರಡು ದಿನ ರಜೆ ಸಿಕ್ಕಿದರೆ ಸಾಕು, ಹೊಸಪೇಟೆಯ ರೈಲು ಹತ್ತುತ್ತಾನೆ. ದಡದಲ್ಲಿ ಕುಳಿತು ಗಾಳ ಹಾಕಿ ಸಾಕಾಗಿ ಈಗ ಸ್ವಂತದ್ದೊಂದು ದೋಣಿ ಕೊಳ್ಳುವ ಯೋಚನೆಯಲ್ಲಿದ್ದಾನೆ. ಈಚೆಗೆ ಫೋನ್ ಮಾಡಿ, ‘ಮಾಮಾ, ನಮ್ಮ ಹೊಳೆಯಲ್ಲಿ ಮೀನು ಹಿಡಿಯಲಿಕ್ಕೆ ಕಯಾಕ್ ತಗೊಳ್ಳಲೋ, ಕೆನೂ ತಗೊಳ್ಳಲೋ?’ ಎಂದು ಕೇಳಿದ. ಎರಡರ ಬೆಲೆಯೂ ಹತ್ತಾರು ಸಾವಿರ ರೂಪಾಯಿ. ಯೋಚಿಸಿ ಕೊಳ್ಳಬೇಕಾದ ವಸ್ತುವೇ ಸರಿ.

ಅವನಿಗೆ ಕೊಡಬೇಕಾದ ಉತ್ತರವನ್ನು ಯೋಚಿಸುತ್ತ ಹೋದಂತೆ, ಇದೇ ಪ್ರಶ್ನೆಯನ್ನು ಬೇರೊಂದು ರೂಪದಲ್ಲಿ ದಿನವೂ ಎದುರಿಸುತ್ತಿರುವ ಜನ ಕಣ್ಣ ಮುಂದೆ ಬಂದರು. ತುಂಗಭದ್ರಾ ಜಲಾಶಯದ ಹಿನ್ನೀರಿನಲ್ಲಿ, ಹಂಪಿಯ ಬಂಡೆಗಳ ನಡುವೆ, ಕಂಪ್ಲಿಯ ಕೋಟೆಯ ಬುಡದಲ್ಲಿ ಬಲೆ ಹಾಕಿ ಬದುಕುವ ಬೆಸ್ತ, ಅಂಬಿಗ, ಗಂಗಾಮತಸ್ಥ ಕುಟುಂಬಗಳವರು ಅವರು. ಅವರ ಮುಂದಿರುವ ಆಯ್ಕೆ ಕಯಾಕ್ ಮತ್ತು ಕೆನೂಗಳ ನಡುವಿನದಲ್ಲ. ಬಿದಿರಿನ ಹರಿಗೋಲು, ಫೈಬರ್ ಹರಿಗೋಲು ಮತ್ತು ಉದ್ದನೆಯ ದೋಣಿಗಳ ನಡುವಿನದು. ಹವ್ಯಾಸಿಯ ಆಯ್ಕೆ ತಪ್ಪಿದರೆ ಹಣ ಪೋಲಾದೀತು. ಇವರ ಆಯ್ಕೆ ತಪ್ಪಿದರೆ ಮನೆಯ ದುಡಿಯುವ ಕೈಯೇ ಹೋದೀತು. ಆದರೂ ಎರಡೂ ಪ್ರಶ್ನೆಗಳಿಗೆ ಉತ್ತರ ಹುಡುಕುವ ಬಗೆ ಒಂದೇ. ನೀರು ಎಂಥದ್ದು, ಕೆಲಸ ಎಂಥದ್ದು ಎಂದು ಮೊದಲು ನೋಡಬೇಕು. ದೋಣಿ ಆಮೇಲಿನ ಮಾತು.

ಎರಡು ದೋಣಿ, ಎರಡು ಗುಣ

ಕಯಾಕ್ ಉತ್ತರ ಧ್ರುವದ ಅಂಚಿನಲ್ಲಿ ಬದುಕುವ ಇನುಯಿಟ್ ಜನರ ಬೇಟೆಯ ದೋಣಿ. ಮರ ಬೆಳೆಯದ ಆ ನಾಡಿನಲ್ಲಿ ತೇಲಿಬಂದ ಕಟ್ಟಿಗೆ, ಎಲುಬುಗಳಿಂದ ಹಂದರ ಕಟ್ಟಿ ಅದರ ಮೇಲೆ ಸೀಲ್ ಪ್ರಾಣಿಯ ಚರ್ಮ ಹೊದಿಸಿ ಅದನ್ನು ಮಾಡುತ್ತಿದ್ದರು. ಮೈ ಕಿರಿದು, ಮೇಲ್ಭಾಗ ಮುಚ್ಚಿರುತ್ತದೆ, ನಡುವೆ ಒಬ್ಬ ಕಾಲು ಚಾಚಿ ಕೂರುವಷ್ಟು ಬಾಯಿ. ಎರಡೂ ತುದಿಗೆ ಅಲಗಿರುವ ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕುತ್ತ ಸಾಗಬೇಕು. ಈಗಿನ ಮೀನುಗಾರಿಕೆ ಕಯಾಕ್‌ಗಳು ಹೆಚ್ಚಾಗಿ ಗಟ್ಟಿ ಪ್ಲಾಸ್ಟಿಕ್ಕಿನವು. ಅವುಗಳ ಒಳಗಲ್ಲ, ಮೇಲೆ ಕೂರಬೇಕು. ಒಳಬಂದ ನೀರು ಇಳಿದು ಹೋಗಲು ತೂತುಗಳಿರುತ್ತವೆ. ಮಗುಚಿದರೂ ಮತ್ತೆ ಹತ್ತಿ ಕೂರುವುದು ಅಷ್ಟೇನೂ ಕಷ್ಟವಲ್ಲ. ಆಸನ ನೀರಿನ ಮಟ್ಟಕ್ಕೆ ಹತ್ತಿರವಿರುವುದರಿಂದ ಗಾಳಿಯ ಹೊಡೆತ ಕಡಿಮೆ. ಆದರೆ ಮೈ ನೆನೆಯುವುದು ಖಂಡಿತ. ಬಲೆ, ಬುಟ್ಟಿ, ಹಿಡಿದ ಮೀನು ಎಲ್ಲವನ್ನೂ ಇಟ್ಟುಕೊಳ್ಳಲು ಜಾಗ ಸಾಲದು.

ಕೆನೂ ಅಮೆರಿಕ ಖಂಡದ ಮೂಲನಿವಾಸಿಗಳ ದೋಣಿ. ಕಾಡು ದಟ್ಟವಾಗಿದ್ದ ಕಡೆ ಮರದ ದಿಮ್ಮಿಯನ್ನು ಕೊರೆದೋ, ಬರ್ಚ್ ಮರದ ತೊಗಟೆಯನ್ನು ಹಂದರಕ್ಕೆ ಹೊಲಿದೋ ಮಾಡುತ್ತಿದ್ದರು. ಮೇಲ್ಭಾಗ ಪೂರ್ತಿ ತೆರೆದದ್ದು, ಪಕ್ಕದ ಗೋಡೆಗಳು ಎತ್ತರದವು. ಒಂದೇ ಅಲಗಿನ ಹುಟ್ಟು ಹಿಡಿದು ಮಂಡಿಯೂರಿ ಇಲ್ಲವೇ ಹಲಗೆಯ ಮೇಲೆ ಕುಳಿತು ನಡೆಸಬೇಕು. ಇಬ್ಬರು ಆರಾಮವಾಗಿ ಕೂರಬಹುದು, ಸಾಮಾನು ಹೇರಬಹುದು. ನೀರು ಶಾಂತವಾಗಿದ್ದು, ಕೈ ಪಳಗಿದ್ದರೆ ನಿಂತು ಗಾಳವನ್ನೂ ಬೀಸಬಹುದು. ಆದರೆ ಎತ್ತರದ ಆ ಗೋಡೆಗಳೇ ಗಾಳಿಗೆ ಹಾಯಿಯಂತೆ ಸಿಕ್ಕಿಕೊಳ್ಳುತ್ತವೆ. ಅಲೆ ಒಳನುಗ್ಗಿದರೆ ನೀರು ಹೊರಹೋಗಲು ದಾರಿಯಿಲ್ಲ, ಮೊಗೆದು ಚೆಲ್ಲಬೇಕು.

ಒಬ್ಬನೇ, ಗಾಳ ಒಂದನ್ನೇ ನಂಬಿ, ಹರಿಯುವ ನೀರಿನಲ್ಲಿ ಹೋಗುವವನಿಗೆ ಕಯಾಕ್. ಇಬ್ಬರಾಗಿ, ಸಾಮಾನು ಸಮೇತ, ನಿಂತ ನೀರಿಗೆ ಹೋಗುವವರಿಗೆ ಕೆನೂ ಎಂಬುದು ಸ್ಥೂಲವಾದ ನಿಯಮ. ಪಾಶ್ಚಾತ್ಯ ಹವ್ಯಾಸಿಗಳ ಚರ್ಚೆಯೆಲ್ಲ ಹೆಚ್ಚುಕಡಿಮೆ ಇಲ್ಲಿಗೇ ನಿಲ್ಲುತ್ತದೆ. ಆದರೆ ನಮ್ಮ ಹೊಳೆಯ ದಡದಲ್ಲಿ ನಿಂತವನಿಗೆ ಅದು ಸಾಲದು. ಅವನ ಎದುರಿಗೆ ಮೂರನೆಯ ಉತ್ತರವೊಂದು ಗಿರಗಿರನೆ ತಿರುಗುತ್ತ ತೇಲುತ್ತಿರುತ್ತದೆ.

ನಮ್ಮಲ್ಲೂ ಇತ್ತು ಈ ಆಯ್ಕೆ

ಹಾಗೆ ನೋಡಿದರೆ ಹರಿಗೋಲು ಕಯಾಕ್‌ನ ದೂರದ ದಾಯಾದಿ. ಎರಡರಲ್ಲೂ ಇರುವುದು ಹಂದರ ಮತ್ತು ಅದರ ಮೇಲಿನ ಹೊದಿಕೆ. ದೊಡ್ಡ ಮರಗಳಿಲ್ಲದ ಬಯಲುಸೀಮೆಯಲ್ಲಿ ಸಿಗುತ್ತಿದ್ದದ್ದು ಬಿದಿರು ಮತ್ತು ದನದ ತೊಗಲು. ಬಿದಿರನ್ನು ಸೀಳಿ ಬುಟ್ಟಿಯಂತೆ ಹೆಣೆದು ತೊಗಲು ಹೊದಿಸಿದರೆ ದೋಣಿ ಸಿದ್ಧ. ಇತ್ತ ಸಹ್ಯಾದ್ರಿಯ ಮರ ಕೈಗೆಟುಕುತ್ತಿದ್ದ ಕರಾವಳಿಯಲ್ಲಿ ದಿಮ್ಮಿಯನ್ನು ಕೊರೆದು ಪಾತಿ ದೋಣಿ ಮಾಡಿದರು; ಅದು ಕೆನೂವಿನ ದಾಯಾದಿ. ಧ್ರುವ ಪ್ರದೇಶಕ್ಕೂ ಅಮೆರಿಕದ ಕಾಡಿಗೂ ನಡುವೆ ಇದ್ದ ವ್ಯತ್ಯಾಸವೇ ನಮ್ಮ ಬಳ್ಳಾರಿ ಸೀಮೆಗೂ ಕುಂದಾಪುರ, ಹೊನ್ನಾವರಗಳಿಗೂ ನಡುವೆ ಇತ್ತು. ಅಂಗಡಿಯ ಪಟ್ಟಿ ನೋಡಿ ಯಾರೂ ಆರಿಸಲಿಲ್ಲ; ನೆಲದಲ್ಲಿ ಬೆಳೆದದ್ದು, ನೀರು ಒಪ್ಪಿದ್ದು ದೋಣಿಯಾಯಿತು.

ಕೃಷ್ಣದೇವರಾಯನ ಕಾಲದಲ್ಲಿ, ಅಂದರೆ 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಆನೆಗೊಂದಿಗೆ ನದಿ ದಾಟುವ ಈ ದೋಣಿಗಳನ್ನು ಕಂಡು ಬೆರಗಾಗಿದ್ದ. ಬುಟ್ಟಿಯಂತೆ ದುಂಡಗಿರುವ, ಹೊರಗೆ ತೊಗಲು ಹೊದಿಸಿದ ಇವು ಹದಿನೈದಿಪ್ಪತ್ತು ಜನರನ್ನು ಹೊರುತ್ತವೆ, ಅಗತ್ಯಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ ಎಂದು ಬರೆದಿಟ್ಟಿದ್ದಾನೆ. ಇವು ನೆಟ್ಟಗೆ ಸಾಗದೆ ಸದಾ ಸುತ್ತುತ್ತಲೇ ಇರುತ್ತವೆ ಎಂಬುದನ್ನೂ ಅವನು ಗಮನಿಸಿದ್ದ. ಅದೇ ಕಾಲದಲ್ಲಿ ಹಂಪಿಯೊಂದಿಗೆ ನಂಟಿದ್ದ ಪುರಂದರದಾಸರು ಒಂಬತ್ತು ತೂತುಗಳ ಹರಿಗೋಲನ್ನು ಮನುಷ್ಯದೇಹಕ್ಕೆ ಹೋಲಿಸಿ ಹಾಡಿದರು. ನದಿ ದಾಟುವವರಿಗೆಲ್ಲ ತಿಳಿದಿದ್ದ ಹೋಲಿಕೆ ಅದು. ಪಾಯೆಸ್ ಕಂಡ ದೋಣಿಗೂ ಇಂದಿನದಕ್ಕೂ ಇರುವ ಮುಖ್ಯ ವ್ಯತ್ಯಾಸ ಹೊದಿಕೆಯದು. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಚೀಲದ ಹಾಳೆ, ಅದರ ಮೇಲೆ ಡಾಂಬರು ಬಂದಿವೆ. ಹೆಣಿಗೆ ಮಾತ್ರ ಅದೇ.

ಇದು ನಮ್ಮದೊಂದೇ ಜಾಣ್ಮೆಯೆಂದೂ ಭಾವಿಸಬೇಕಾಗಿಲ್ಲ. ಇರಾಕಿನ ಟೈಗ್ರಿಸ್ ನದಿಯಲ್ಲಿ ಡಾಂಬರು ಬಳಿದ ‘ಗುಫಾ’ ಎಂಬ ದುಂಡು ದೋಣಿಗಳು ಕಳೆದ ಶತಮಾನದವರೆಗೂ ಓಡಾಡುತ್ತಿದ್ದವು. ವಿಯೆಟ್ನಾಂ ಕರಾವಳಿಯ ಬೆಸ್ತರು ಇಂದಿಗೂ ಬಿದಿರಿನ ಬುಟ್ಟಿ ದೋಣಿಗಳಲ್ಲಿ ಮೀನು ಹಿಡಿಯುತ್ತಾರೆ. ಬ್ರಿಟನ್ನಿನ ವೇಲ್ಸ್ ಪ್ರಾಂತದ ಟೈವಿ ನದಿಯಲ್ಲಿ ಎರಡು ಪುಟ್ಟ ದೋಣಿಗಳು ಜೊತೆಯಾಗಿ ಸಾಗುತ್ತ ನಡುವೆ ಬಲೆ ಎಳೆಯುವ ಪದ್ಧತಿಯಿದೆ. ಅಲ್ಲಿ ಅದಕ್ಕೆ ಪರವಾನಗಿ ಬೇಕು. ಪರವಾನಗಿಗಳ ಸಂಖ್ಯೆಗೂ ಮಿತಿಯಿದೆ. ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದ ಜೇಮ್ಸ್ ಹಾರ್ನೆಲ್ 1930ರ ದಶಕದಲ್ಲಿ ದಕ್ಷಿಣ ಭಾರತದ ಹರಿಗೋಲುಗಳನ್ನೂ ಬ್ರಿಟನ್ನಿನ ಅವುಗಳ ಬಂಧುಗಳನ್ನೂ ಕುರಿತು ಬರೆದರು. ಹೊರಗಿನವರು ಅಧ್ಯಯನಕ್ಕೆ ಯೋಗ್ಯವೆಂದು ಬಗೆದ ದೋಣಿ ನಮ್ಮ ಯೋಜನೆಗಳ ಕಡತದಲ್ಲಿ ಮಾತ್ರ ಹಿಂದುಳಿದಿರುವುದರ ಗುರುತಾಗಿದೆ.

ಹರಿಗೋಲು ನಡೆಸುವ ವಿದ್ಯೆ ಕಯಾಕ್, ಕೆನೂ ಎರಡಕ್ಕಿಂತ ಬೇರೆ. ಪಕ್ಕಕ್ಕೆ ಹುಟ್ಟು ಹಾಕಿದರೆ ಅದು ಗಾಣದಂತೆ ತಿರುಗುತ್ತದೆ. ಅಂಬಿಗ ಮುಂದಿನ ಅಂಚಿನಲ್ಲಿ ಕುಳಿತು, ಹುಟ್ಟನ್ನು ಎದುರಿಗೆ ಚಾಚಿ, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ ಸಾಗುತ್ತಾನೆ. ದೋಣಿಯ ತಳ ಚಪ್ಪಟೆಯಾದ್ದರಿಂದ ಗೇಣುದ್ದದ ನೀರಿದ್ದರೂ ಸಾಕು. ಮುಂದು ಹಿಂದು ಎಂಬುದಿಲ್ಲದ ಕಾರಣ ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡರೆ ತಿರುಗಿಸಿಕೊಳ್ಳುವ ಗೋಜಿಲ್ಲ. ಬಂಡೆಗೆ ತಾಗಿದರೆ ಬಿದಿರು ಬಾಗುತ್ತದೆ, ಒಡೆಯುವುದಿಲ್ಲ. ನೀರು ಮುಗಿದ ಕಡೆ ಒಬ್ಬನೇ ಅದನ್ನು ತಲೆಯ ಮೇಲೆ ಮಗುಚಿಕೊಂಡು ನಡೆದುಬಿಡುತ್ತಾನೆ. ಅದರ ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಅಡಿಯಲ್ಲಿ ಉದ್ದಕ್ಕೆ ಏಣಿಲ್ಲದ ಕಾರಣ ಗಾಳಿ ಎತ್ತ ತಳ್ಳಿದರೆ ಅತ್ತ ಹೋಗುತ್ತದೆ. ಕಂಪ್ಲಿಯ ಹಿರಿಯ ಬೆಸ್ತರೊಬ್ಬರು ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: ‘ನಮ್ಮ ಬುಟ್ಟಿ ಬಂಡೆಗೆ ಹೆದ್ರಂಗಿಲ್ರೀ ಸರ, ಗಾಳಿಗೆ ಹೆದರ್ತೈತಿ.’ ದೋಣಿಯ ಆಯ್ಕೆಯ ಕುರಿತು ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ಒಂದೇ ಸೀಮೆ, ನಾಲ್ಕು ಬಗೆಯ ನೀರು

ಈ ಮಾತನ್ನು ಹಿಡಿದು ನಮ್ಮ ಸೀಮೆಯನ್ನೊಮ್ಮೆ ಸುತ್ತಿ ಬರಬಹುದು. ಮೊದಲು ಹೊಸಪೇಟೆಯ ಮೇಲಿನ ಜಲಾಶಯ. 1953ರಲ್ಲಿ ನೀರು ನಿಂತಾಗ 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರೆ, ಹೂಳು ತುಂಬಿದ್ದರಿಂದ ಈಗ ಹಿಡಿಯುವುದು ಸುಮಾರು 105 ಟಿಎಂಸಿ ಅಡಿ. ತುಂಬಿದಾಗ ಹಿನ್ನೀರಿನ ಹರವು ಸುಮಾರು 378 ಚದರ ಕಿಲೋಮೀಟರ್. ಇಷ್ಟು ಬಯಲಾದ ನೀರಿನ ಮೇಲೆ ಮುಂಗಾರಿನ ಗಾಳಿ ತಡೆಯಿಲ್ಲದೆ ಬೀಸಿದರೆ ಏಳುವ ಅಲೆಗಳನ್ನು ಅಣೆಕಟ್ಟೆಯ ಮೇಲೆ ನಿಂತು ನೋಡಿದವರು ಮರೆಯಲಾರರು. ಬೆಳಿಗ್ಗೆ ಕನ್ನಡಿಯಂತಿದ್ದ ನೀರು ಮಧ್ಯಾಹ್ನದ ಹೊತ್ತಿಗೆ ಕುದಿಯತೊಡಗುತ್ತದೆ. ದಡ ಬಿಟ್ಟು ದೂರ ಹೋದ ಹರಿಗೋಲಿಗೆ ಇದು ತಕ್ಕ ಜಾಗವಲ್ಲ. ಗೋಡೆ ಎತ್ತರದ ಕೆನೂ ಕೂಡ ಇಲ್ಲಿ ಸುಲಭಕ್ಕೆ ಬಗ್ಗದು. ಹವ್ಯಾಸಿಯಾದರೆ ಕಯಾಕ್, ಅದೂ ದಡದ ಹತ್ತಿರ, ಬೆಳಗಿನ ಹೊತ್ತು ಮಾತ್ರ. ಬಲೆ ಹೊತ್ತು ಹೋಗುವ ವೃತ್ತಿಯವರಿಗೆ ಅಡಿಯಲ್ಲಿ ಏಣಿರುವ, ಉದ್ದನೆಯ, ಅಗಲ ಹೊಟ್ಟೆಯ ದೋಣಿಯೇ ಬೇಕು.

ಅಣೆಕಟ್ಟೆಯ ಕೆಳಗೆ ಹೊಳೆಯ ಸ್ವಭಾವವೇ ಬದಲು. ಹಂಪಿ, ಆನೆಗೊಂದಿಗಳ ನಡುವೆ ನದಿ ಬಂಡೆಗಳ ಸಂತೆಯಲ್ಲಿ ದಾರಿ ಹುಡುಕಿಕೊಂಡು ಹರಿಯುತ್ತದೆ. ಒಡೆದು ಹಲವು ಕವಲಾಗುತ್ತದೆ, ನಡುಗಡ್ಡೆಗಳನ್ನು ಸುತ್ತುತ್ತದೆ, ಮಡುಗಳಲ್ಲಿ ನಿಲ್ಲುತ್ತದೆ. ತುರ್ತು ಕಾಲುವೆಯಂಥ ವಿಜಯನಗರ ಕಾಲದ ಕಾಲುವೆಗಳಿಗೆ ನೀರು ತಿರುಗಿಸಲು ಕಟ್ಟಿದ ಕಲ್ಲಿನ ಒಡ್ಡುಗಳೂ ಅಡ್ಡ ಬರುತ್ತವೆ. ಇಲ್ಲಿ ದೋಣಿಯನ್ನು ಮತ್ತೆ ಮತ್ತೆ ಎತ್ತಿ ದಾಟಿಸಬೇಕು. ಮೀನುಗಾರಿಕೆ ಕಯಾಕ್‌ಗಳು ಮೂವತ್ತು ಕಿಲೋ ಆಸುಪಾಸಿನ ತೂಕದವು; ಬಂಡೆಯ ಮೇಲೆ ಒಬ್ಬನೇ ಹೊತ್ತು ನಡೆಯುವುದು ಆಟವಲ್ಲ. ಫೈಬರ್ ಮೈಯ ದೋಣಿಯಾದರೆ ಚೂಪು ಕಲ್ಲಿಗೆ ಸೀಳುತ್ತದೆ. ಹಗುರ, ಬಾಗುವ ಗುಣ, ಚಪ್ಪಟೆ ತಳ ಮೂರೂ ಇರುವ ದೋಣಿ ಇಲ್ಲಿ ಒಂದೇ. ಐನೂರು ವರ್ಷಗಳ ಹಿಂದೆ ಪಾಯೆಸ್ ಕಂಡದ್ದೂ ಅದನ್ನೇ.

ಕಂಪ್ಲಿಯ ಹತ್ತಿರ ಹೊಳೆ ಅಗಲವಾಗುತ್ತದೆ. ಬಂಡೆಗಳು ಕಡಿಮೆಯಾಗಿ ಮರಳು, ಕೆಸರು, ಜೊಂಡು ಹೆಚ್ಚುತ್ತವೆ. ಬೇಸಿಗೆಯಲ್ಲಿ ನಿಧಾನವಾಗಿ ಹರಿಯುವ ಈ ನೀರಿನಲ್ಲಿ ಕೆನೂವಿನಂಥ ತೆರೆದ ದೋಣಿ ಸಲೀಸಾಗಿ ಸಾಗುತ್ತದೆ. ಆದರೆ ಮಳೆಗಾಲದಲ್ಲಿ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಇದೇ ಹೊಳೆ ಕಂಪ್ಲಿ–ಗಂಗಾವತಿ ಸೇತುವೆಯ ಮೇಲೆ ಹರಿಯುತ್ತದೆ. ಸಂಚಾರ ನಿಲ್ಲುತ್ತದೆ, ಕೋಟೆ ಪ್ರದೇಶದ ತಗ್ಗಿನ ಮನೆಗಳವರು ಗಂಟುಮೂಟೆ ಕಟ್ಟುತ್ತಾರೆ. ಅಂಥ ನೀರಿಗೆ ಇಳಿಯಬಹುದಾದ ದೋಣಿ ಎಂಬುದೇ ಇಲ್ಲ.

ಇನ್ನು ಸಂಡೂರು. ಇಲ್ಲಿ ಹೊಳೆಯಿಲ್ಲ. ಗುಡ್ಡಗಳ ನಡುವೆ ತಾರಾನಗರದ ಬಳಿ ನಾರಿಹಳ್ಳ ಜಲಾಶಯವಿದೆ. ತಾಲ್ಲೂಕಿನ ಇನ್ನೊಂದು ಅಂಚಿನಲ್ಲಿ ದರೋಜಿಯ ವಿಶಾಲ ಕೆರೆಯಿದೆ. ಹರಿವು ಇಲ್ಲದ, ಗುಡ್ಡಗಳ ಆಸರೆಯಿರುವ ನಾರಿಹಳ್ಳದಂಥ ನೀರಿಗೆ ಮೂರರಲ್ಲಿ ಯಾವುದಾದರೂ ನಡೆದೀತು. ಇಬ್ಬರು ಕೂಡಿ ಗಾಳ ಹಾಕುವವರಿಗೆ ಕೆನೂವೇ ಹಿತ. ಹೊಸಪೇಟೆಯಿಂದ ಇವೆಲ್ಲ ಒಂದೆರಡು ತಾಸಿನ ದಾರಿ. ಇಷ್ಟು ಹತ್ತಿರದ ನಾಲ್ಕು ನೀರುಗಳಿಗೆ ಒಂದೇ ದೋಣಿ ಹೊಂದದು ಎಂದಾದರೆ, ಇಡೀ ರಾಜ್ಯದ ಒಳನಾಡು ಮೀನುಗಾರರಿಗೆ ಒಂದೇ ನಮೂನೆ ಹೊಂದೀತೆ?

ಸಹಾಯಧನದ ದೋಣಿ

ಈ ಪ್ರಶ್ನೆಯನ್ನು ಸುಮ್ಮನೆ ಎತ್ತುತ್ತಿಲ್ಲ. ಮೀನುಗಾರಿಕೆ ಇಲಾಖೆ ಬಹಳ ಕಾಲದಿಂದ ಫೈಬರ್ ಹರಿಗೋಲು ಕೊಳ್ಳಲು ಸಹಾಯಧನ ನೀಡುತ್ತ ಬಂದಿದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದಾ ಯೋಜನೆಯಲ್ಲೂ ಸಾಂಪ್ರದಾಯಿಕ ಮೀನುಗಾರರಿಗೆ ಹೊಸ ದೋಣಿ, ಬಲೆ ಕೊಡಿಸಲು ಅವಕಾಶವಿದೆ. ಉದ್ದೇಶ ಒಳ್ಳೆಯದೇ. ಫೈಬರ್ ಕೊಳೆಯುವುದಿಲ್ಲ, ಬಿದಿರಿನಂತೆ ಹುಳ ಹಿಡಿಯುವುದಿಲ್ಲ, ವರ್ಷ ವರ್ಷ ಡಾಂಬರು ಬಳಿಯುವ ಕೆಲಸವಿಲ್ಲ. ಕೆರೆಗಳಲ್ಲಿ, ಮೀನು ಸಾಕಣೆಯ ನಿಂತ ನೀರಿನಲ್ಲಿ ಅದು ಸೊಗಸಾಗಿ ನಡೆಯುತ್ತದೆ.

ಆದರೆ ಹಂಪಿಯ ಬಂಡೆಗಳ ನಡುವೆ ಫೈಬರ್ ಬಿರುಕು ಬಿಟ್ಟರೆ ಅದನ್ನು ಬೆಸೆಯಲು ರಾಳ, ಗಾಜಿನ ನಾರಿನ ಬಟ್ಟೆ, ಪಳಗಿದ ಕೈ ಬೇಕು, ಪೇಟೆಗೆ ಹೊತ್ತೊಯ್ಯಬೇಕು. ಬಿದಿರಿನ ಹರಿಗೋಲಿಗಾದರೆ ತುಂಡು ಬಟ್ಟೆ, ಚೂರು ಡಾಂಬರು ಇದ್ದರೆ ದಡದಲ್ಲೇ ರಿಪೇರಿ ಮುಗಿಯುತ್ತದೆ. ಮರುದಿನದ ಕೂಲಿ ತಪ್ಪುವುದಿಲ್ಲ. ಹಿನ್ನೀರಿನ ಮೀನುಗಾರನ ಸಮಸ್ಯೆ ಇದಕ್ಕೆ ವಿರುದ್ಧವಾದದ್ದು. ಅವನಿಗೆ ಹರಿಗೋಲನ್ನು ಬಿದಿರಿನದ್ದು ಕೊಟ್ಟರೂ ಅಷ್ಟೆ, ಫೈಬರಿನದ್ದು ಕೊಟ್ಟರೂ ಅಷ್ಟೆ. ದುಂಡು ಆಕಾರವೇ ಆ ಗಾಳಿಗೆ ಸಲ್ಲದು. ಅವನಿಗೆ ಬೇಕಾದದ್ದು ವಸ್ತುವಿನ ಬದಲಾವಣೆಯಲ್ಲ, ಆಕಾರದ ಬದಲಾವಣೆ. ಒಬ್ಬನಿಗೆ ಹಳೆಯ ವಸ್ತು ಬೇಕು, ಇನ್ನೊಬ್ಬನಿಗೆ ಹೊಸ ಆಕಾರ ಬೇಕು. ಇಬ್ಬರಿಗೂ ಒಂದೇ ಮಾದರಿಯ ದೋಣಿ ಹಂಚಿದರೆ ಇಬ್ಬರ ಕಷ್ಟವೂ ತೀರದು.

ಸಹಾಯಧನ ಒಂದು ಮಾದರಿಗೆ ಕಟ್ಟುಬೀಳದೆ, ಮೀನುಗಾರನೇ ತನ್ನ ನೀರಿಗೆ ತಕ್ಕ ದೋಣಿಯನ್ನು ಆರಿಸಿಕೊಳ್ಳುವಂತಿರಬೇಕು. ಬಿದಿರಿನ ಹರಿಗೋಲು ಹೆಣೆಸಿಕೊಳ್ಳುವವನಿಗೂ ಆ ನೆರವು ಸಿಗಬೇಕು. 2017ರಲ್ಲಿ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಕಾಡಿನ ಹೊರಗೆ ಬೆಳೆದ ಬಿದಿರನ್ನು ‘ಮರ’ ಎಂಬ ವ್ಯಾಖ್ಯೆಯಿಂದ ಕೈಬಿಟ್ಟದ್ದರಿಂದ ಬಿದಿರು ಕಡಿಯುವ, ಸಾಗಿಸುವ ತೊಡಕು ಎಷ್ಟೋ ಕಡಿಮೆಯಾಗಿದೆ. ನದಿ ದಡದ ಹೊಲಗಳ ಬದುವಿನಲ್ಲಿ ಬಿದಿರು ಬೆಳೆದರೆ ದೋಣಿಗೂ ಆಯಿತು, ದಡವೂ ಕೊಚ್ಚಿಹೋಗದು. ಹೆಣೆಯಬಲ್ಲ ಕೈಗಳು ಇನ್ನೂ ಇವೆ. ಅವರ ಮಕ್ಕಳು ಆ ಕಸುಬು ಕಲಿಯುವುದು ಮಾತ್ರ ಅದರಿಂದ ಬರುವ ಆದಾಯದ ಮೇಲೆ ನಿಂತಿದೆ.

ಇಲ್ಲಿ ಇನ್ನೊಂದು ಸಂಗತಿಯನ್ನೂ ಹೇಳಬೇಕು. ತಳವಾರಘಟ್ಟದಿಂದ ಆನೆಗೊಂದಿಗೆ ಕಟ್ಟುತ್ತಿದ್ದ ಸೇತುವೆ 2009ರ ಜನವರಿ 22ರಂದು ಕುಸಿದು ಕಾರ್ಮಿಕರು ಪ್ರಾಣ ಕಳೆದುಕೊಂಡರು. ಆ ಬಳಿಕವೂ ವರ್ಷಗಟ್ಟಲೆ ಜನರನ್ನು, ಬೈಕುಗಳನ್ನು ದಡ ಸೇರಿಸಿದ್ದು ಹರಿಗೋಲೇ. ಬುಕ್ಕಸಾಗರ–ಕಡೆಬಾಗಿಲು ಸೇತುವೆ ಬಂದ ಮೇಲೆ ಆ ಕೆಲಸ ಕಡಿಮೆಯಾಯಿತು. ಅನೇಕ ಅಂಬಿಗರಿಗೆ ಉಳಿದದ್ದು ಪ್ರವಾಸಿಗರನ್ನು ಸುತ್ತಿಸುವ ಕೆಲಸ ಮತ್ತು ಮೀನು. ನಾಳೆ ಪ್ರವಾಸೋದ್ಯಮದ ಹೆಸರಿನಲ್ಲಿ ಬಣ್ಣಬಣ್ಣದ ಕಯಾಕ್‌ಗಳು ಹೊಳೆಗೆ ಇಳಿದರೆ ಸಂತೋಷವೇ. ಆದರೆ ಅವುಗಳ ಬಾಡಿಗೆ ಯಾರ ಕೈ ಸೇರುತ್ತದೆ ಎಂಬುದು ಮುಖ್ಯ. ಹೊಳೆಯ ಸುಳಿ, ಮಡು, ಒಡ್ಡುಗಳನ್ನು ತಲೆತಲಾಂತರದಿಂದ ಬಲ್ಲ ಅಂಬಿಗರ ಸಂಘಗಳಿಗೇ ಆ ಕೆಲಸ ಸಿಗಬೇಕು. ಹೊರಗಿನ ಗುತ್ತಿಗೆದಾರನಿಗೆ ಆ ತಿಳಿವಳಿಕೆ ಟೆಂಡರಿನೊಂದಿಗೆ ಬರುವುದಿಲ್ಲ.

ಮೊದಲು ಜೀವ

ದೋಣಿ ಯಾವುದೇ ಇರಲಿ, ಅಣೆಕಟ್ಟೆಯ ಕೆಳಗಿನ ಹೊಳೆ ಮಳೆಯೊಂದರಿಂದಲೇ ಏರುವುದಿಲ್ಲ, ಗೇಟಿನಿಂದಲೂ ಏರುತ್ತದೆ. ಆಕಾಶ ತಿಳಿಯಾಗಿದ್ದರೂ ಮಲೆನಾಡಿನಲ್ಲಿ ಮಳೆ ಸುರಿದರೆ ಇಲ್ಲಿ ಪ್ರವಾಹ. 2019ರ ಆಗಸ್ಟ್‌ನಲ್ಲಿ ವಿರೂಪಾಪುರಗಡ್ಡಿಯಲ್ಲಿ ನೂರಾರು ಪ್ರವಾಸಿಗರು ಸಿಕ್ಕಿಕೊಂಡು, ಅವರನ್ನು ಕರೆತರಲು ರಕ್ಷಣಾ ಪಡೆಗಳು ಬರಬೇಕಾಯಿತು. 2024ರ ಆಗಸ್ಟ್ 10ರ ರಾತ್ರಿ ಸರಪಳಿ ತುಂಡಾಗಿ ಜಲಾಶಯದ 19ನೇ ಕ್ರೆಸ್ಟ್‌ಗೇಟ್ ಕೊಚ್ಚಿಹೋದಾಗ, ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆಯಬೇಕಾಯಿತು. ಮುಂದಿನ ಕೆಲವು ದಿನ ಹರಿಯುವ ನೀರಿನ ನಡುವೆಯೇ ಜೀವದ ಹಂಗು ತೊರೆದು ತಾತ್ಕಾಲಿಕ ಗೇಟು ಕೂರಿಸಿದ ತಂತ್ರಜ್ಞರ, ಕಾರ್ಮಿಕರ ಸಾಹಸವನ್ನು ನಾಡೇ ಕೊಂಡಾಡಿತು. ಅಂಥ ರಾತ್ರಿ ಮಡುವಿನಲ್ಲಿ ಬಲೆ ಹಾಕಿ ಬಂಡೆಯ ಮೇಲೆ ಮಲಗಿರಬಹುದಾದ ಮೀನುಗಾರನಿಗೆ ಸುದ್ದಿ ತಲುಪುವುದು ಹೇಗೆ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಅಷ್ಟಾಗಿ ಕೇಳಲಿಲ್ಲ.

ನೀರು ಬಿಡುವ ಮುನ್ನ ಎಚ್ಚರಿಕೆ ನೀಡುವ ಪದ್ಧತಿಯಿದೆ. ಆದರೆ ಅಧಿಕೃತ ಪ್ರಕಟಣೆಯಲ್ಲಿರುವ ಕ್ಯುಸೆಕ್ ಲೆಕ್ಕ ದಡದವನಿಗೆ ಅರ್ಥವಾಗುವ ಭಾಷೆಯಲ್ಲ. ‘ಇಷ್ಟು ತಾಸಿನಲ್ಲಿ ಹಂಪಿಯಲ್ಲಿ ಇಷ್ಟು ಅಡಿ ಏರುತ್ತದೆ, ಕಂಪ್ಲಿಗೆ ಇಂಥ ಹೊತ್ತಿಗೆ ಬರುತ್ತದೆ’ ಎಂಬ ಸರಳ ಸಂದೇಶ ಪ್ರತಿ ಪರವಾನಗಿದಾರನ ಮೊಬೈಲಿಗೆ ಹೋಗಬೇಕು, ಘಾಟುಗಳಲ್ಲಿ ಸೈರನ್ ಮೊಳಗಬೇಕು. ಇದಕ್ಕೆ ಹೊಸ ತಂತ್ರಜ್ಞಾನವೇನೂ ಬೇಕಿಲ್ಲ.

ಎರಡನೆಯದು ಲೈಫ್ ಜಾಕೆಟ್. ಈಜು ಬಲ್ಲವರಿಗೆ ಅದೇಕೆ ಎಂಬ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಬಲೆಗೆ ಕಾಲು ಸಿಕ್ಕಿಕೊಂಡಾಗ, ಬಂಡೆಗೆ ತಲೆ ತಾಗಿದಾಗ ಈಜು ನೆರವಿಗೆ ಬರುವುದಿಲ್ಲ. ಮೀನುಗಾರ ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ ನೀಡುವ ಗುಂಪು ವಿಮೆ ಮತ್ಸ್ಯ ಸಂಪದಾ ಯೋಜನೆಯಲ್ಲಿದೆ. ಅದು ಇರಲೇಬೇಕು. ಆದರೆ ಸತ್ತ ಮೇಲೆ ಕೊಡುವ ಆ ಹಣದ ಸಣ್ಣದೊಂದು ಪಾಲಿನಲ್ಲಿ ಬದುಕಿರುವಾಗಲೇ ಇಡೀ ಊರಿನ ಮೀನುಗಾರರಿಗೆ ಜಾಕೆಟ್ ತೊಡಿಸಬಹುದು. 2021ರ ಒಳನಾಡು ಹಡಗು ಕಾಯ್ದೆ ಯಂತ್ರವಿಲ್ಲದ ದೋಣಿಗಳನ್ನೂ ಲೆಕ್ಕಕ್ಕೆ ತಂದು, ಅವುಗಳ ದಾಖಲಾತಿಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಲು ದಾರಿ ಮಾಡಿದೆ. ಆ ದಾಖಲಾತಿ ಇನ್ನೊಂದು ಶುಲ್ಕದ ರಸೀದಿಯಾಗದೆ, ಯಾವ ದೋಣಿ ಯಾವ ನೀರಿನಲ್ಲಿದೆ, ಎಷ್ಟು ಜನ ಹತ್ತಬಹುದು, ಜಾಕೆಟ್ ಇದೆಯೇ ಎಂಬುದರ ಪಟ್ಟಿಯಾದರೆ ಗ್ರಾಮ ಪಂಚಾಯಿತಿಗಳಿಂದ ದೊಡ್ಡ ಉಪಕಾರವಾದೀತು.

ಮೀನಿಗೆ ಬೇರೆ ಪಾಲುದಾರರೂ ಇದ್ದಾರೆ

ಹವ್ಯಾಸಿಗಳಿಗೊಂದು ಮಾತು. ಅಣೆಕಟ್ಟೆಯ ಹತ್ತಿರದ ಮುದ್ಲಾಪುರದಿಂದ ಕಂಪ್ಲಿ ಸೇತುವೆಯವರೆಗಿನ 34 ಕಿಲೋಮೀಟರ್ ಹೊಳೆ 2015ರಿಂದ ತುಂಗಭದ್ರಾ ನೀರುನಾಯಿ ಸಂರಕ್ಷಣಾ ಮೀಸಲು. ನೀರುನಾಯಿಗಾಗಿಯೇ ಘೋಷಿಸಿದ ದೇಶದ ಮೊದಲ ಮೀಸಲು ಇದು. ಅಳಿವಿನ ಭೀತಿಯಲ್ಲಿರುವ ನುಣುಪು ತುಪ್ಪಳದ ನೀರುನಾಯಿಗಳು ಇಲ್ಲಿ ಹಿಂಡಾಗಿ ಬದುಕುತ್ತವೆ. ಮೊಸಳೆಗಳಿವೆ, ಮೃದುಚಿಪ್ಪಿನ ಆಮೆಗಳಿವೆ. ಬಾಳೆ ಮೀನು, ಕೊರಮೀನುಗಳ ಮೇಲೆ ಅವುಗಳ ಹಕ್ಕೂ ಇದೆ. ಸಂರಕ್ಷಣಾ ಮೀಸಲು ಎಂಬ ವರ್ಗ ಜನರನ್ನು ಹೊಳೆಯಿಂದ ಹೊರಹಾಕುವುದಿಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೂ ಜಾಗವಿದೆ. ಆದರೆ ಸ್ಫೋಟಕ, ವಿಷದ ಬಳಕೆಯನ್ನು ಕಾನೂನು ಖಂಡಿತ ನಿಷೇಧಿಸಿದೆ. ಸಿಡಿಮದ್ದು ಎಸೆದು ಮೀನು ಹಿಡಿಯುವವರು ಇನ್ನೂ ಇದ್ದಾರೆ. ಒಂದು ಸಿಡಿತಕ್ಕೆ ಮಡುವಿನ ಮರಿಮೀನುಗಳೆಲ್ಲ ಸಾಯುತ್ತವೆ. ಮುಂದಿನ ವರ್ಷಗಳ ಬಲೆಗೂ ನೀರುನಾಯಿಯ ಬಾಯಿಗೂ ಏನೂ ಉಳಿಯದು. ಬಲೆಯ ಕಣ್ಣು ತೀರ ಸಣ್ಣದಾದರೂ ಆಗುವುದು ಅದೇ.

ಆದ್ದರಿಂದ ದೋಣಿ ಕೊಳ್ಳುವ ಮುನ್ನ ಹವ್ಯಾಸಿ ಮಾಡಬೇಕಾದ ಕೆಲಸಗಳಿವೆ. ಜಲಾಶಯದಲ್ಲಾದರೆ ತುಂಗಭದ್ರಾ ಮಂಡಳಿಯನ್ನೂ, ಮೀಸಲಿನ ವ್ಯಾಪ್ತಿಯಲ್ಲಾದರೆ ಅರಣ್ಯ ಇಲಾಖೆಯನ್ನೂ ವಿಚಾರಿಸಿ ಅನುಮತಿ ಪಡೆಯಬೇಕು. ಮುಂಗಾರಿನ ಹೊಸ ನೀರಿಗೆ ಮೀನು ಮೊಟ್ಟೆಯಿಡುವ ಕಾಲದಲ್ಲಿ ಗಾಳವನ್ನು ಅಟ್ಟದ ಮೇಲಿಡಬೇಕು. ನೀರುನಾಯಿಗಳು ಮರಿ ಸಾಕುವ ಬಂಡೆಗಳ ಹತ್ತಿರ ದೋಣಿ ಒಯ್ಯಬಾರದು.

ಸೋದರಳಿಯನಿಗೆ ನಾನು ಹೇಳಿದ್ದು ಇಷ್ಟು: ಸಂಡೂರಿನ ನಿಂತ ನೀರಿಗಾದರೆ ಕೆನೂ, ಹಿನ್ನೀರಿನ ದಡಕ್ಕಾದರೆ ಕಯಾಕ್, ಹಂಪಿಯ ಬಂಡೆಗಳ ನಡುವೆಯಾದರೆ ಎರಡೂ ಬೇಡ, ಅಂಬಿಗನೊಬ್ಬನಿಗೆ ಅವನ ದಿನದ ಕೂಲಿ ಕೊಟ್ಟು ಅವನ ಹರಿಗೋಲಿನಲ್ಲಿ ಕೂರು.

ಅವನಿಗೆ ಇಷ್ಟು ಆಯ್ಕೆಗಳಿವೆ, ಒಂದು ಒಗ್ಗದಿದ್ದರೆ ಇನ್ನೊಂದು ಕೊಳ್ಳುವ ಶಕ್ತಿಯೂ ಇದೆ. ಹೊಳೆಯನ್ನೇ ನಂಬಿದವರಿಗೆ ಆ ಸೌಲಭ್ಯವಿಲ್ಲ. ಅವರು ಒಮ್ಮೆ ಪಡೆದ ದೋಣಿಯಲ್ಲಿ ವರ್ಷಗಟ್ಟಲೆ, ಗಾಳಿಯಿರಲಿ ಬಂಡೆಯಿರಲಿ, ಪ್ರತಿದಿನ ಇಳಿಯಲೇಬೇಕು. ಬೆಂಗಳೂರಿನ ಕಚೇರಿಯಲ್ಲಿ ಮುಂದಿನ ಸಲ ದೋಣಿ ವಿತರಣೆಯ ಮಾದರಿ ನಿಗದಿ ಮಾಡುವಾಗ ಹಿನ್ನೀರಿನ ದಡದಿಂದ ಒಬ್ಬರನ್ನು, ಹಂಪಿಯಿಂದ ಒಬ್ಬರನ್ನು, ಕಂಪ್ಲಿಯ ಕೋಟೆಯಿಂದ ಒಬ್ಬರನ್ನು ಕರೆದು ಕೂರಿಸಿಕೊಂಡು ಕೇಳಲಿ. ಮೂವರು ಮೂರು ದೋಣಿಗಳನ್ನು ಹೇಳಿದರೆ ಮೂರನ್ನೂ ಬರೆದುಕೊಳ್ಳಲಿ. ಇಲಾಖೆಗೆ ಅದರಿಂದ ಬೀಳುವ ಹೊರೆ ಅರ್ಜಿಯ ನಮೂನೆಯಲ್ಲಿ ಎರಡು ಸಾಲು ಹೆಚ್ಚು, ಅಷ್ಟೆ.